ಕೈಗೊಂದು ಕವರು

"ಥೂ, ಏನ್ರೀ ಇದು ಅಸಹ್ಯ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕೊಂಡು ಉಣ್ತಿದೀರಲ್ಲ, ಮನುಷ್ಯರೇ ತಾನೇ ನೀವು?"

ಶೆಡ್ಡಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಪರಿಸರ ವಿಭಾಗದ ಸಾಹೇಬರು. ಮೂಗಿನ ಮೇಲೆ ಕರವಸ್ತ್ರ ಒತ್ತಿ ಹಿಡಿದಿದ್ದರಿಂದ ಬೈಗುಳದ ಅರ್ಧ ಭಾಗ ಬಟ್ಟೆಯೊಳಗೇ ಉಳಿದು, ಉಳಿದರ್ಧ ನೆಗಡಿಯಾದವರ ಗೋಳಿನ ಹಾಗೆ ಹೊರಗೆ ಬಂತು. ಊರಿನ ಒಣಕಸವೆಲ್ಲ ಬಂದು ಬೀಳುವ ಆ ಶೆಡ್ಡಿನಲ್ಲಿ ಅದು ಊಟದ ಹೊತ್ತು. ಒಂಬತ್ತು ಮಂದಿ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದರು. ಒಂಬತ್ತು ಬಲಗೈಗೂ ಒಂದೊಂದು ಕವರು, ಮಣಿಕಟ್ಟಿನ ಹತ್ತಿರ ಒಂದು ಸಡಿಲ ಗಂಟು. ಆ ಗಂಟು ಹಾಕುವುದು ಎಡಗೈಯೊಂದರದೇ ಕೆಲಸ. ಹೊಸದಾಗಿ ಸೇರಿದವಳಿಗೆ ಅದನ್ನು ಕಲಿಯಲು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಪಕ್ಕದವಳು ಕಟ್ಟಿಕೊಡಬೇಕು.

ಯಾರೂ ಏಳಲಿಲ್ಲ. ಬಾಯಲ್ಲಿ ತುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು, ಅಷ್ಟೆ.

"ಮನುಷ್ಯರೇ ಸಾಹೇಬ್ರೇ," ಅಂದಳು ಸಾಲಿನ ಮೊದಲಲ್ಲಿದ್ದ ಕಿವಿಯಕ್ಕ, ತುತ್ತು ನುಂಗಿ. "ಅದಕ್ಕೇ ಕವರ್ ಹಾಕ್ಕೊಂಡಿದೀವಿ. ನಾಯಿಗಳಾಗಿದ್ರೆ ಬರೀ ಬಾಯಿ ಸಾಕಿತ್ತು."

ಕಿವಿಯಕ್ಕ ಅನ್ನುವುದು ಶೆಡ್ಡಿನವರು ಇಟ್ಟ ಹೆಸರು. ಹದಿನೇಳು ವರ್ಷದಿಂದ ಪ್ಲಾಸ್ಟಿಕ್ ರಾಶಿಯ ಮುಂದೆ ಕೂತವಳು. ಕೈಗೆ ಬಂದದ್ದನ್ನು ಕಿವಿಯ ಹತ್ತಿರ ಒಮ್ಮೆ ಹಿಸುಕಿದರೆ ಸಾಕು, ಅದು ಯಾವ ಬಗೆಯದು, ಯಾವ ಮೂಟೆಗೆ ಹೋಗಬೇಕು ಅಂತ ಕಣ್ಣು ಮುಚ್ಚಿಕೊಂಡು ಹೇಳುವಳು. ಹಾಲಿನ ಪೊಟ್ಟಣ ಪಿಸುಗುಟ್ಟುತ್ತದೆ. ಅಂಗಡಿಯ ತೆಳು ಕವರು ಸರಸರ ಅನ್ನುತ್ತದೆ. ಬಿಸ್ಕತ್ತಿನ ಹೊದಿಕೆ, ಅವಳದೇ ಮಾತಿನಲ್ಲಿ, ನಮ್ಮತ್ತೆಯ ಹಾಗೆ, ಮುಟ್ಟುವ ಮೊದಲೇ ಚಟಪಟ.

"ಕೈ ತೊಳ್ಕೊಂಡು ತಿನ್ನೋಕೆ ಏನು ರೋಗ?" ಅಂದರು ಸಾಹೇಬರು.

"ನೀರಿಲ್ಲದ ರೋಗ," ಅಂದಳು ಕಾಗದದಜ್ಜಿ. ರದ್ದಿ ಕಾಗದದ ಕಡೆಯವಳು. ಶೆಡ್ಡಿಗೆಲ್ಲ ಹಿರಿಯಳು, ಬಾಯಿಗೆ ಬೀಗವಿಲ್ಲದವಳು. "ಮೂರು ವರ್ಷದಿಂದ ಒಂದು ನಲ್ಲಿ ಕೇಳ್ತಿದೀವಿ. ನಿಮ್ಮ ಮೇಸ್ತ್ರಿ ಹೂಂ ಅಂತಾನೆ. ಅವನ ಹೂಂ ಕುಡಿದು ಕೈ ತೊಳ್ಯೋಕಾಗುತ್ತಾ, ಮುಂಡೇಮಗಂದು."

ಸಾಹೇಬರ ಹಿಂದೆ ನಿಂತಿದ್ದ ಮೇಸ್ತ್ರಿ ಹಲ್ಲು ಕಚ್ಚಿದ.

ಅಜ್ಜಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಯಿಂದ ತರುವ ಒಂದು ಬಾಟಲಿ ನೀರು ಕುಡಿಯಲಿಕ್ಕೇ ಸಾಲದು. ಬೆಳಗಿನಿಂದ ಆ ಕೈಗಳು ಸೂಜಿ ಮುಟ್ಟಿರುತ್ತವೆ, ಕೂಸಿನ ಹೇಲುಬಟ್ಟೆ ಮುಟ್ಟಿರುತ್ತವೆ, ಯಾರೋ ಕಾಗದದಲ್ಲಿ ಚಂದವಾಗಿ ಸುತ್ತಿಟ್ಟ ಸತ್ತ ಇಲಿ ಮುಟ್ಟಿರುತ್ತವೆ. ಅಷ್ಟೂ ಕಸದಲ್ಲಿ ಒಳಗಡೆ ಯಾರ ಕೈಯೂ ತಾಗದ ವಸ್ತು ಅಂದರೆ ಬ್ರೆಡ್ಡಿನ ಕವರು ಒಂದೇ. ಅದು ಸಿಕ್ಕರೆ ಮೂಟೆಗೆ ಹಾಕದೆ, ಚೂರು ಕೊಡವಿ, ಒಳಮೈ ಹೊರಗೆ ತಿರುಗಿಸಿ ಮಡಿಲಿಗೆ ಸಿಕ್ಕಿಸಿಕೊಳ್ಳುವುದು ಶೆಡ್ಡಿನ ಪದ್ಧತಿ. ಊಟದ ಹೊತ್ತಿಗೆ ಅದೇ ಕೈ.

"ನೋಡಿ, ಇನ್ನು ಹದಿನೈದು ದಿನಕ್ಕೆ ಅಭಿಯಾನ," ಅಂದರು ಸಾಹೇಬರು. ಅಭಿಯಾನ ಅನ್ನುವಾಗ ಮಾತ್ರ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. "ಊರಿಗೆ ಊರೇ ಪ್ಲಾಸ್ಟಿಕ್ ಚೀಲ ಬಿಡ್ತಿದೆ. ಉದ್ಘಾಟನೆ ಇಲ್ಲೇ ಇಟ್ಕೊಂಡಿದೀವಿ. ಇದು ಪ್ಲಾಸ್ಟಿಕ್ ಇಲ್ಲದ ಶೆಡ್ಡು ಅಂತ ಹೊರಗಡೆ ಬೋರ್ಡ್ ಹಾಕಿಸ್ತೀನಿ."

ಒಂಬತ್ತು ಜನವೂ ಒಟ್ಟಿಗೆ ತಿರುಗಿ ಬೆನ್ನ ಹಿಂದಿನ ರಾಶಿ ನೋಡಿದರು. ಅದು ಮಾಡಿನ ತಗಡು ಮುಟ್ಟುತ್ತಿತ್ತು.

"ಹಾಗಾದ್ರೆ ನಾವು ನಾಳೆಯಿಂದ ಏನು ವಿಂಗಡಿಸೋದು, ಗಾಳಿನಾ?" ಅಂದಳು ಕಿವಿಯಕ್ಕನ ನಾದಿನಿ. ಸಾಲಿನಲ್ಲಿ ಚಿಕ್ಕವಳು. ಏಳು ತಿಂಗಳ ಕೂಸನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದಳು.

"ಬಾಯ್ಮುಚ್ಚೇ," ಅಂದ ಮೇಸ್ತ್ರಿ.

ಸಾಹೇಬರು ಮಾತು ಮುಗಿಸಿದ್ದು ಹೀಗೆ. ಅಭಿಯಾನದ ದಿನದೊಳಗೆ ನಲ್ಲಿ ಬರುತ್ತದೆ, ಅದು ಅವರ ಜವಾಬ್ದಾರಿ. ಆದರೆ ಈಗಿಂದೀಗಲೇ ಕೈಯ ಕವರು ಬಿಚ್ಚಬೇಕು. ಇನ್ನು ಮೇಲೆ ಒಂದು ಕೈಗೆ ಕವರು ಕಂಡರೂ ಆ ಕೈಯವಳು ಗೇಟಿನಿಂದ ಆಚೆ. ಮೇಸ್ತ್ರಿ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರ ಕವರನ್ನೂ ಬಿಚ್ಚಿಸಿ ತೆಗೆದುಕೊಂಡ, ಅಗುಳು ಅಂಟಿದ್ದನ್ನು ಅಂಟಿದ ಹಾಗೇ. ನಾದಿನಿಯ ಡಬ್ಬಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅವಳು ತನ್ನ ಬರಿಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಡಬ್ಬಿ ಮುಚ್ಚಿದಳು.

"ತಿನ್ನೇ," ಅಂದಳು ಕಿವಿಯಕ್ಕ ಮೆಲ್ಲಗೆ. "ನೀ ತಿಂದ್ರೆ ತಾನೇ ಸಂಜೆ ಕೂಸಿಗೆ ಹಾಲು."

"ಈ ಕೈಲಾ ಅತ್ತಿಗೆ?"

ಹೋಗುವ ಮೊದಲು ಸಾಹೇಬರು ಔದಾರ್ಯ ತೋರಿಸಿದರು. ಅಭಿಯಾನದ ಬಟ್ಟೆ ಚೀಲ, ಹಸಿರು ಬಣ್ಣ, ಮೇಲೆ ಒಂದು ಮರದ ಚಿತ್ರ. ಕಿವಿಯಕ್ಕನ ಕೈಗೆ ತಾವೇ ಕೊಟ್ಟರು. ಅವಳು ಬೇಕೆಂದು ಮಾಡಿದ್ದಲ್ಲ. ಕೈಗೆ ಬಂತು, ಕಿವಿಗೆ ಹೋಯಿತು, ಕಿವಿ ಹೇಳಿತು, ಕೈ ಎಸೆಯಿತು. ಹಸಿರು ಚೀಲ ಅವಳ ಹೆಗಲ ಮೇಲಿಂದ ಹಾರಿ ಪ್ಲಾಸ್ಟಿಕ್ ರಾಶಿಯ ಮೇಲೆ ಹೋಗಿ ಕೂತಿತು.

"ಏಯ್, ಕೊಬ್ಬು ನೋಡು ಇವಳಿಗೆ," ಅಂದ ಮೇಸ್ತ್ರಿ. "ಸಾಹೇಬ್ರು ಕೊಟ್ಟಿದ್ದನ್ನ ಬಿಸಾಕ್ತೀಯೇನೇ?"

"ಅಯ್ಯೋ, ಅಭ್ಯಾಸ ಕಣಣ್ಣ. ಕೈ ಅದರ ಪಾಡಿಗೆ ಹೋಗ್ಬಿಡ್ತು."

"ಅದು ಬಟ್ಟೇದು," ಅಂದರು ಸಾಹೇಬರು, ಶಾಲೆಯ ಮಗುವಿಗೆ ಹೇಳುವ ಹಾಗೆ.

"ಬಟ್ಟೆ ಥರ ಇದೆ ಸಾಹೇಬ್ರೇ. ಆದ್ರೆ ಅಕ್ಕಿ ಮೂಟೆಯ ಬಿಳಿ ಪ್ಲಾಸ್ಟಿಕ್ ಚೀಲ ಬರುತ್ತಲ್ಲ, ಇದು ಅದರ ತಂಗಿ. ಅಕ್ಕ ಒರಟು, ತಂಗಿ ನಯ. ಒಂದೇ ಹೊಟ್ಟೇಲಿ ಹುಟ್ಟಿದ್ದು. ಬೇಕಾದ್ರೆ ಕಿವೀಲಿ ಕೇಳಿ."

ಸಾಹೇಬರು ಕೇಳಲಿಲ್ಲ. ಆದರೆ ಅವರ ಕಾರು ಗೇಟಿನಲ್ಲಿ ತಿರುಗುವಾಗ ಹಿಂದಿನ ಸೀಟಿನಲ್ಲಿ ಅವರು ಹಸಿರು ಚೀಲವೊಂದನ್ನು ಕಿವಿಯ ಹತ್ತಿರ ಹಿಡಿದು ಉಜ್ಜುತ್ತಿದ್ದದ್ದನ್ನು ತಾನು ನೋಡಿದೆ ಅಂತ ಕಾಗದದಜ್ಜಿ ಹೇಳುತ್ತಾಳೆ. ಅಜ್ಜಿಗೆ ದೂರದ್ದು ಕಣ್ಣಿಗೆ ಕಾಣಿಸುವುದಿಲ್ಲ, ಅದು ಬೇರೆ ಮಾತು.

ಅಲ್ಲಿಂದ ಮುಂದೆ ಊಟ ಅಂದರೆ ಒಂದು ಸರ್ಕಸ್ಸಾಯಿತು. ಕೆಲವರು ಡಬ್ಬಿಯನ್ನು ಬಾಯಿಗೇ ಬಗ್ಗಿಸಿಕೊಂಡು ಮಾಡು ನೋಡುತ್ತ ಉಂಡರು. ಸಾರಿನಂಥದ್ದು ಏನಾದರೂ ಇದ್ದರೆ ಅದು ಮೊದಲು ಮೂಗಿಗೆ ಬರುತ್ತಿತ್ತು. ಒಬ್ಬಳು ಚಮಚ ತಂದಳು. ಚಮಚ ಹಿಡಿಯುವುದೂ ಅದೇ ಕೈ ತಾನೇ ಅಂತ ಇನ್ನೊಬ್ಬಳು ನೆನಪು ಮಾಡಿದ ಮೇಲೆ ಅದೂ ಬಿಟ್ಟುಹೋಯಿತು. ಕಾಗದದಜ್ಜಿ ಹಳೆಯ ಕಾಗದದಲ್ಲಿ ಬೆರಳು ಸುತ್ತಿಕೊಂಡು ಉಂಡಳು. ಎರಡನೇ ತುತ್ತಿಗೆ ಕಾಗದವೂ ಹೊಟ್ಟೆಗೆ ಹೋಯಿತು. "ಸುದ್ದಿ ಹಳಸಿತ್ತು," ಅಂದಳು, ಅಷ್ಟೆ.

ನಾದಿನಿ ಒಂದು ದಿನ ಹಸಿವು ತಡೆಯದೆ ಬರಿಗೈಯಲ್ಲೇ ಉಂಡಳು. ಆ ಸಂಜೆಯಿಂದ ವಾಂತಿ ಭೇದಿ. ಮೂರು ದಿನ ಮಲಗಿದವಳು ನಾಲ್ಕನೆಯ ದಿನ ಕಣ್ಣು ಗುಳಿಬಿದ್ದು ಬಂದಳು. ಹಾಲು ಇಳಿಯುತ್ತಿಲ್ಲ, ಕೂಸು ರಾತ್ರಿಯೆಲ್ಲ ಎದೆ ಚೀಪಿ ಚೀಪಿ ಸಿಟ್ಟಿನಿಂದ ಕಚ್ಚುತ್ತದೆ ಅಂದಳು. ಹಲ್ಲು ಬಂದಿದೆಯಾ ಅಂತ ಅಜ್ಜಿ ಕೇಳಿದಳು. ಒಂದೇ ಒಂದು ಅಂತ ನಾದಿನಿ ನಕ್ಕಳು. ಕಿವಿಯಕ್ಕ ನಗಲಿಲ್ಲ.

"ಅತ್ತಿಗೆ, ಒಂದು ಕೇಳ್ತೀನಿ, ನಿಜ ಹೇಳು," ಅಂದಳು ನಾದಿನಿ ಆ ಮಧ್ಯಾಹ್ನ, ಬಾಟಲಿಗಳ ಬಿರಡೆ ತಿರುಪುತ್ತ. "ಚೀಲ ಬಿಟ್ರೆ ಊರು ಉದ್ಧಾರ ಆಗುತ್ತಾ? ಆಗೋದಾದ್ರೆ ನಾನು ಹಸ್ಕೊಂಡೇ ಇರ್ತೀನಿ, ಹೋಗ್ಲಿ."

ಕಿವಿಯಕ್ಕ ಕೈಯಲ್ಲಿದ್ದದ್ದನ್ನು ಹಿಸುಕಿ ಮೂಟೆಗೆ ಹಾಕಿದಳು. ಅವಳು ಸುಳ್ಳು ಹೇಳುವವಳಲ್ಲ, ಯಾರ ಮೇಲೆ ಸಿಟ್ಟಿದ್ದರೂ.

"ಮೋರಿ ಉದ್ಧಾರ ಆಗಿದೆ. ಹೋದ ವರ್ಷ ಅಂಗಡಿ ಕವರ್ ನಿಲ್ಲಿಸಿ ಅದು ಕಮ್ಮಿ ಆದ್ಮೇಲೆ ಈ ಸಲದ ಮಳೆಗೆ ನಮ್ಮ ಬೀದಿಗೆ ನೀರು ನುಗ್ಗಲಿಲ್ಲ. ನೀನೂ ನೋಡಿದೀಯಲ್ಲ."

"ಅಂದ್ರೆ ಸಾಹೇಬ್ರು ಹೇಳೋದು ಸರಿ."

"ಅಷ್ಟು ಸರಿ. ಆದ್ರೆ ಮೊದ್ಲು ಆ ಅಂಗಡಿ ಕವರ್ ಹೆಂಗೆ ಬರ್ತಿತ್ತು ಇಲ್ಲಿಗೆ? ತರಕಾರಿ ಹೊತ್ತು, ಆಮೇಲೆ ಚಪ್ಪಲಿ ಸುತ್ತಿಸ್ಕೊಂಡು, ಕಡೆಗೆ ಕಸ ತುಂಬಿಸ್ಕೊಂಡು, ಮೂರು ಜನ್ಮ ಮುಗಿಸಿ ಬರ್ತಿತ್ತು. ಈಗ ಜನ ಕಸ ತುಂಬೋಕೇ ಅಂತ ಕರೀ ಚೀಲ ಕೊಂಡ್ಕೋತಾರೆ, ಸುರುಳಿ ಸುರುಳಿ, ದಪ್ಪ ಬೇರೆ. ಅದಕ್ಕೆ ಒಂದೇ ಜನ್ಮ, ಅದೂ ಕಸದಲ್ಲೇ."

"ನನ್ನ ಹಂಗೆ," ಅಂದಳು ಕಾಗದದಜ್ಜಿ.

"ಬಟ್ಟೆ ಚೀಲ?" ನಾದಿನಿ ಬಿಡಲಿಲ್ಲ.

"ಮನೆಗೊಂದು ಇದ್ದು, ಹರಿಯೋವರೆಗೂ ಹಿಡ್ಕೊಂಡ್ರೆ ಅದರಷ್ಟು ಚಂದದ್ದು ಇನ್ನೊಂದಿಲ್ಲ. ಹಿಂಗೆ ಅಭಿಯಾನಕ್ಕೆ ಮೊದ್ಲೇ ಮನೆಗೆ ನಲವತ್ತು ಹಂಚಿದ್ರೆ? ಮಡಿಕೆ ಕೂಡ ಬಿಚ್ಚದೆ ಬರ್ತವೆ ಇಲ್ಲಿಗೆ. ಮೊನ್ನೆ ಒಂದು ಮೂಟೆ ತುಂಬಿದೆ. ಅವನ್ನ ಯಾರೂ ಹೊತ್ತಿಲ್ಲ, ಅವು ಏನನ್ನೂ ಹೊತ್ತಿಲ್ಲ." ಅವಳು ಇನ್ನೊಂದು ಕವರು ಎತ್ತಿಕೊಂಡಳು. "ಇದರ ಮೇಲೆ ನಂಗೇನೂ ದ್ವೇಷ ಇಲ್ಲ, ಪ್ರೀತೀನೂ ಇಲ್ಲ. ನಲ್ಲಿ ಬರ್ಲಿ, ಈ ಶೆಡ್ಡಲ್ಲಿ ಮೊದ್ಲು ಕವರ್ ಬಿಡೋಳು ನಾನೇ."

ನಲ್ಲಿ ಬಂತು. ಅಭಿಯಾನಕ್ಕೆ ಮೂರು ದಿನ ಇರುವಾಗ, ಹಿತ್ತಾಳೆಯದು, ಕನ್ನಡಿಯ ಹಾಗೆ ಹೊಳೆಯುವಂಥದು. ಗೋಡೆ ಕೊರೆದು ಸಿಮೆಂಟು ಮೆತ್ತಿ ಕೂರಿಸಿ ಹೋದರು. ಕೆಳಗೊಂದು ಬಿಳಿ ತೊಟ್ಟಿ, ಪಕ್ಕದಲ್ಲಿ ಸೋಪಿನ ಗೂಡು, ಸೋಪು ಕೂಡ. ಹೆಂಗಸರು ಸಾಲಾಗಿ ಬಂದು ನಲ್ಲಿಯಲ್ಲಿ ಮುಖ ನೋಡಿಕೊಂಡರು. ನಾದಿನಿ ನಲ್ಲಿಯ ಕಿವಿ ತಿರುವಿದಳು. ಏನೂ ಬರಲಿಲ್ಲ.

"ಸಿಮೆಂಟು ಒಣಗ್ಬೇಕೇನೋ," ಅಂದಳು.

ಕಿವಿಯಕ್ಕ ಬಗ್ಗಿ ನಲ್ಲಿಯ ಬಾಯಿಗೆ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿ ತಲೆ ಎತ್ತಿದಳು.

"ಏನಕ್ಕ?"

"ಗೋಡೆ ಆಚೆ ಬೀದೀಲಿ ಸೈಕಲ್ ಗಂಟೆ ಕೇಳುತ್ತೆ."

ಅವಳು ಸುತ್ತಿ ಹೋಗಿ ಗೋಡೆಯ ಹಿಂಬದಿ ನೋಡಿ ಬಂದಳು. ಅಲ್ಲಿ ಪೈಪಿರಲಿಲ್ಲ. ಬೆರಳು ತೂರುವಷ್ಟು ತೂತು, ತೂತಿನಲ್ಲಿ ಹಿತ್ತಾಳೆಯ ಬಾಲ.

"ಪೈಪು ಆಮೇಲೆ ಬರುತ್ತೆ ಕಣ್ರೇ," ಅಂದ ಮೇಸ್ತ್ರಿ. "ಮೊದ್ಲು ಫೋಟೋಗೆ ನಲ್ಲಿ ಬೇಕಲ್ಲ. ಎಲ್ಲಾ ಒಟ್ಟಿಗೆ ಬೇಕು ನಿಮಗೆ. ದರಿದ್ರದವು."

ಕಾಗದದಜ್ಜಿ ತನ್ನ ಊಟದ ಚೀಲ ತಂದು ನಲ್ಲಿಗೆ ನೇತುಹಾಕಿ, ಜೋತುಬಿದ್ದು ಪರೀಕ್ಷೆ ಮಾಡಿದಳು. "ಗಟ್ಟಿಯಾಗಿ ಕೂತಿದೆ," ಅಂದಳು. "ಅಂತೂ ಒಂದು ಗೂಟ ಸಿಕ್ತು."

ಅಭಿಯಾನದ ದಿನ ಮೇಸ್ತ್ರಿ ಗೇಟಿನಲ್ಲೇ ನಿಂತು ಒಬ್ಬೊಬ್ಬರ ಮಡಿಲನ್ನೂ ಕೊಡವಿಸಿ ಒಳಗೆ ಬಿಟ್ಟ. ಪ್ಲಾಸ್ಟಿಕ್ ರಾಶಿಯನ್ನು ಎತ್ತಲು ಜಾಗವಿಲ್ಲದ್ದರಿಂದ ಮುಚ್ಚಿದ್ದರು. ಮುಚ್ಚಿದ್ದು ನೀಲಿ ಟಾರ್ಪಾಲಿನಿಂದ. ಅದೂ ಪ್ಲಾಸ್ಟಿಕ್ಕೇ ಅಂತ ನಾದಿನಿ ಹೇಳಲು ಹೋದಳು, ಕಿವಿಯಕ್ಕ ಮೊಣಕೈಯಿಂದ ತಿವಿದಳು. ನೀಲಿ ಗುಡ್ಡದ ಮುಂದೆ ಒಂಬತ್ತು ಜನರನ್ನೂ ಕೂರಿಸಿದರು, ಎಲ್ಲರ ಹೆಗಲಿಗೂ ಒಂದೊಂದು ಹಸಿರು ಚೀಲ.

ಭಾಷಣ ಒಂದೂವರೆ ಗಂಟೆ ನಡೆಯಿತು. ನೀರಿನ ಬಾಟಲಿ ಬೇಡ ಅಂತ ಸಾಹೇಬರದೇ ಆಜ್ಞೆಯಾದ್ದರಿಂದ ಸ್ಟೀಲು ಹಂಡೆಯಲ್ಲಿ ನೀರು ತರಿಸಿದ್ದರು. ಆ ಬಿಸಿಲಿಗೆ ಭಾಷಣ ಮುಗಿಯುವ ಮೊದಲೇ ಹಂಡೆ ಮುಗಿಯಿತು. ಆಮೇಲೆ ಎಲ್ಲರೂ ಎದ್ದು ಚೀಲ ಬಿಡುವ ಪ್ರತಿಜ್ಞೆ ಮಾಡಿದರು. ಆಮೇಲೆ ಫೋಟೋ.

"ಸಾರ್, ಒಂದು ಸಲ ನೀವೇ ಕಸ ವಿಂಗಡಿಸೋ ಹಾಗೆ," ಅಂದ ಫೋಟೋದವನು.

ಮೇಸ್ತ್ರಿ ಕೈಗವಸು ತಂದ. ಸಾಹೇಬರು ಅದನ್ನು ನೋಡಿದರು, ಕ್ಯಾಮೆರಾ ನೋಡಿದರು. "ಇದೂ ಪ್ಲಾಸ್ಟಿಕ್ ಅಲ್ಲವೇನ್ರೀ," ಅಂದರು ಎಲ್ಲರಿಗೂ ಕೇಳುವ ಹಾಗೆ. "ಇವರು ಮಾಡಲ್ವಾ ಬರಿಗೈಲಿ? ಇವರ ಕೈಗಿಲ್ಲದ್ದು ನನ್ನ ಕೈಗೆ ಯಾಕೆ?"

ಚಪ್ಪಾಳೆ ಬಿತ್ತು. ಸಾಹೇಬರು ತೋಳು ಮಡಿಸಿ ಬುಟ್ಟಿಗೆ ಕೈ ಹಾಕಿದರು. ಬಂದದ್ದು ಹಸಿರು ಚೀಲದಲ್ಲೇ ಗಂಟು ಕಟ್ಟಿದ ಒಂದು ಪೊಟ್ಟಣ, ಅದೇ ಮರದ ಚಿತ್ರ. ಫೋಟೋದವನಿಗೆ ಖುಷಿಯಾಗಿ ಇನ್ನೂ ಸ್ವಲ್ಪ ಎತ್ತಿ ಸಾರ್ ಅಂದ. ಎತ್ತಿದಾಗ ಕೆಳಗಿನ ಹೊಲಿಗೆ ಬಿಟ್ಟಿತು. ಯಾರದೋ ಮನೆಯ ಕೂಸಿನ ಎರಡು ದಿನದ ಹೇಲುಬಟ್ಟೆ ಸಾಹೇಬರ ಎರಡೂ ಅಂಗೈಯಲ್ಲಿ ಬಂದು ಕೂತಿತು.

ನಗು ತಡೆಯಲು ಹೆಂಗಸರೆಲ್ಲ ಒಟ್ಟಿಗೆ ಕೆಮ್ಮಿದರು.

"ಈಗ ಕಾರ್ಮಿಕರ ಜೊತೆ ಊಟ ಸಾರ್, ಅದೊಂದು ಫೋಟೋ ಮುಖ್ಯ," ಅಂದ ಫೋಟೋದವನು. ತಟ್ಟೆಗಳು ಬಂದವು. ಸಾಹೇಬರು ಕೈಗಳನ್ನು ಬಿಳಿ ಅಂಗಿಯಿಂದ ಆದಷ್ಟು ದೂರ ಹಿಡಿದುಕೊಂಡು ನಲ್ಲಿಯ ಕಡೆ ನಡೆದರು. ಮೇಸ್ತ್ರಿ ಮುಂದೆ ಓಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಮೊಣಕೈಯಿಂದ ನಲ್ಲಿ ತಿರುವಿಯಾಗಿತ್ತು.

ಗೋಡೆಯಾಚೆ ಸೈಕಲ್ ಗಂಟೆ ಕೇಳಿಸಿತು.

"ನೀರೆಲ್ಲಿ?" ಅಂದರು ಸಾಹೇಬರು ಹಲ್ಲಿನ ಸಂದಿಯಲ್ಲಿ.

"ಪೈಪು ಬರ್ತಾ ಇದೆ ಸಾರ್. ತಾವೇ ಹೇಳಿದ್ರಲ್ಲ, ಫೋಟೋ ಆಗ್ಲಿ, ಆಮೇಲೆ ಪೈಪು ಅಂತ."

ಮೇಸ್ತ್ರಿ ಕಾರಿಗೆ ಓಡಿ ಒಂದು ಬಾಟಲಿ ನೀರು ತಂದ. ತೆಳುವಾದ, ತಳತಳ ಹೊಳೆಯುವ ಪ್ಲಾಸ್ಟಿಕ್ ಬಾಟಲಿ. ಫೋಟೋದವನು ಕ್ಯಾಮೆರಾ ಎತ್ತಿದ. ಸಾಹೇಬರು ಕಣ್ಣಲ್ಲೇ ಗದರಿದರು. ಮೇಸ್ತ್ರಿ ಬಾಟಲಿಯನ್ನು ಅಂಗಿಯೊಳಗೆ ತೂರಿಸಿ ಹೊಟ್ಟೆ ಹಿಡಿದುಕೊಂಡು ನಿಂತ. ಎಲ್ಲರೂ ಕಾಯುತ್ತಿದ್ದರು. ಸಾಹೇಬರು ಬಂದು ಸಾಲಿನಲ್ಲಿ ತಟ್ಟೆಯ ಮುಂದೆ ಕೂತರು, ಕಿವಿಯಕ್ಕ ಮತ್ತು ನಾದಿನಿಯ ನಡುವೆ. ಕೈಗಳು ಮಂಡಿಯ ಮೇಲೆ, ಅಂಗೈ ಮೇಲಾಗಿ.

"ಉಣ್ಣಿ ಸಾಹೇಬ್ರೇ," ಅಂದಳು ಕಾಗದದಜ್ಜಿ. "ನಾಚ್ಕೋಬೇಡಿ, ನಮ್ಮನೇನೇ ಅಂದ್ಕೊಳ್ಳಿ."

ನಾದಿನಿಯ ತಟ್ಟೆ ತುಂಬಿತ್ತು. ಅವಳು ತಟ್ಟೆ ನೋಡುತ್ತಿದ್ದಳು, ಕೈ ನೋಡುತ್ತಿದ್ದಳು. ಕಿವಿಯಕ್ಕ ಅವಳನ್ನು ನೋಡಿದಳು. ಆಮೇಲೆ ತಿರುಗದೆಯೇ ಎಡಗೈಯನ್ನು ಬೆನ್ನ ಹಿಂದೆ ನೀಲಿ ಟಾರ್ಪಾಲಿನ ಅಡಿಗೆ ತೂರಿಸಿದಳು. ಮೊದಲು ಚಟಪಟ ಕೇಳಿತು, ಬಿಟ್ಟಳು. ಆಮೇಲೆ ಪಿಸುಗುಟ್ಟಿತು, ಬಿಟ್ಟಳು. ಮೂರನೆಯದಕ್ಕೆ ತಲೆ ಒಂದಿಷ್ಟು ವಾಲಿಸಿ ಕೇಳಿ, ಹೊರಗೆಳೆದಳು. ಬ್ರೆಡ್ಡಿನ ಕವರು. ಚೂರು ಕೊಡವಿ, ಒಳಮೈ ಹೊರಗೆ ತಿರುಗಿಸಿ, ಸಾಹೇಬರ ಮುಂದಿನಿಂದಲೇ ಕೈ ಚಾಚಿ ನಾದಿನಿಯ ಕೈಗೆ ತೊಡಿಸಿ, ಮಣಿಕಟ್ಟಿಗೆ ಗಂಟು ಹಾಕಿದಳು.

"ಉಣ್ಣೇ," ಅಂದಳು.

ನಾದಿನಿ ಒಮ್ಮೆ ಮೇಸ್ತ್ರಿಯ ಮುಖ ನೋಡಿ, ತಟ್ಟೆಗೆ ಕೈ ಹಾಕಿದಳು. ಕಿವಿಯಕ್ಕ ಮತ್ತೆ ಹಿಂದೆ ಕೈ ತೂರಿಸಿದಳು. ಕವರುಗಳು ಒಂದೊಂದಾಗಿ ಸಾಲಿನುದ್ದಕ್ಕೂ ಕೈ ದಾಟಿ ಹೋದವು. ಒಂಬತ್ತು ಕೈಯೂ ತಟ್ಟೆಗೆ ಇಳಿದವು. ಅಗಿಯುವ ಸದ್ದು, ಸರಸರ ಸದ್ದು.

"ಏನೇ ಮಾಡ್ತಿದೀಯ ಮೂದೇವಿ, ತೆಗಿಯೇ ಅದನ್ನ," ಅಂತ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡೇ ಬಗ್ಗಿ ಉಸುರಿದ. ಅಂಗಿಯೊಳಗೆ ಬಾಟಲಿ ಕಟಕಟ ಅಂದಿತು.

"ನಿನ್ನ ಹೊಟ್ಟೇಲಿರೋದೂ ನಮ್ಮ ಮೂಟೇದೇ ಕಣಣ್ಣ," ಅಂದಳು ಕಿವಿಯಕ್ಕ. "ಸದ್ದಿಗೇ ಗೊತ್ತಾಯ್ತು."

ಸಾಹೇಬರು ಕ್ಯಾಮೆರಾದ ಕಡೆಗೆ ನಗುಮುಖ ಇಟ್ಟುಕೊಂಡೇ, ತುಟಿ ಅಲುಗದ ಹಾಗೆ ಹೇಳಿದರು. "ನಾಳೆ ನೀವ್ಯಾರೂ ಗೇಟ್ ದಾಟಲ್ಲ."

"ನಾಳೆ ನಾವು ದಾಟ್ದಿದ್ರೆ ಈ ಗುಡ್ಡ ದಾಟುತ್ತೆ ಸಾಹೇಬ್ರೇ, ಬೀದೀಗೆ." ಕಿವಿಯಕ್ಕ ಇನ್ನೊಂದು ಕವರು ಎಳೆದಳು. ಕಿವಿಯ ಹತ್ತಿರ ಹಿಸುಕಿದಳು, ಸರಿ ಅನ್ನಿಸಿತು. "ನಾಳೆ ಮಾತು ನಾಳೆ. ಊಟ ಆರಿಹೋಗ್ತಿದೆ. ಒಳಗೆ ಶುದ್ಧವಾಗಿದೆ, ಯಾರ ಕೈಯೂ ತಾಗಿಲ್ಲ."

"ಸಾರ್, ಒಂದೇ ಒಂದು ತುತ್ತು," ಅಂದ ಫೋಟೋದವನು. "ಬೆಳಕು ಚೆನ್ನಾಗಿದೆ."

"ಕೈ ಕೊಡಿ ಸಾಹೇಬ್ರೇ. ಗಂಟು ನಾನು ಹಾಕ್ತೀನಿ. ಮೊದಲ ವಾರ ಯಾರಿಗೂ ಬರಲ್ಲ."

ಅವಳು ಒಳಮೈ ಹೊರಗೆ ತಿರುಗಿಸಿ, ಕವರಿನ ಬಾಯಿಗೆ ಉಫ್ ಅಂತ ಊದಿದಳು. ಕವರು ಉಬ್ಬಿ ಬಾಯಿ ತೆರೆದು ನಿಂತಿತು. ಮಂಡಿಯ ಮೇಲಿದ್ದ ಬಲಗೈ ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ, ಮೆಲ್ಲಗೆ ಮೇಲೆದ್ದವು.